ಮಲಗಿದವರ ಮುಂದೆ

ನಮ್ಮ ಮನೆಯಲ್ಲಿ ಮಲಗಿದವರ ಮುಂದೆ ಮಾತಾಡುವ ಹಾಗಿರಲಿಲ್ಲ. ನಿದ್ದೆ ಕೆಡುತ್ತದೆ ಎಂದಲ್ಲ. ರೇಡಿಯೋ ಹಾಕಬಹುದಿತ್ತು, ಒರಳಲ್ಲಿ ರುಬ್ಬಬಹುದಿತ್ತು, ಸಿಟ್ಟು ಬಂದರೆ ಪಾತ್ರೆ ಕುಕ್ಕಬಹುದಿತ್ತು. ಅದಕ್ಕೆಲ್ಲ ಅಮ್ಮನ ಅಡ್ಡಿ ಇರಲಿಲ್ಲ. ಮಾತು ಮಾತ್ರ ಕೂಡದು. ಅದರಲ್ಲೂ ಮಲಗಿದವರ ಬಗ್ಗೆಯೇ ಏನಾದರೂ ಅಂದರೆ ಅವಳು ಅಡುಗೆಮನೆಯಿಂದ ಒದ್ದೆ ಕೈಯಲ್ಲೇ ಬಂದು ನಮ್ಮನ್ನು ಪಡಸಾಲೆಗೆ ತಳ್ಳುತ್ತಿದ್ದಳು. "ಕಣ್ಣು ಮುಚ್ಚಿದಾರೆ ಕಣ್ರೇ, ಕಿವಿ ಮುಚ್ಚಿಲ್ಲ" ಎನ್ನುತ್ತಿದ್ದಳು.

ಬೆಳಿಗ್ಗೆ ನಮ್ಮನ್ನು ಎಬ್ಬಿಸುವ ರೀತಿಯೂ ಅವಳದೇ. ಬೇರೆ ಮನೆಗಳಲ್ಲಿ ಕೂಗುತ್ತಾರೆ, ಹೊದಿಕೆ ಎಳೆಯುತ್ತಾರೆ. ಅಮ್ಮ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನಮ್ಮ ಕಿರುಬೆರಳನ್ನು ಹಿಡಿದುಕೊಂಡು ಕಾಯುತ್ತಿದ್ದಳು. ಬೆರಳು ಅಲ್ಲಾಡಿತೋ, ಸುಮ್ಮನೆ ಎದ್ದು ಹೋಗುತ್ತಿದ್ದಳು. ಹನ್ನೊಂದು ವರ್ಷದವಳಿದ್ದಾಗ ನಾನೊಮ್ಮೆ ತಮಾಷೆಗೆ ಬೆರಳು ಅಲ್ಲಾಡಿಸದೆ, ಉಸಿರು ಬಿಗಿಹಿಡಿದು ಮಲಗಿಬಿಟ್ಟೆ. ಅಮ್ಮ ಕೂಗಲಿಲ್ಲ, ಅಲುಗಿಸಲೂ ಇಲ್ಲ. ನನ್ನ ಕಿವಿಯ ಹತ್ತಿರ ಬಾಗಿ, "ನಾನು ಇಲ್ಲೇ ಅದೀನಿ, ಎಲ್ಲಿಗೂ ಹೋಗಲ್ಲ, ಹೆದರಬ್ಯಾಡ, ಇನ್ನೊಂದ್ ಸ್ವಲ್ಪ ಹೊತ್ತು" ಎಂದು ಒಂದೇ ದನಿಯಲ್ಲಿ ಹೇಳತೊಡಗಿದಳು. ಕಣ್ಣು ಮುಚ್ಚಿಕೊಂಡು ಆ ದನಿ ಕೇಳಿಸಿಕೊಳ್ಳುತ್ತಿದ್ದ ನಾನೇ ಹೆದರಿ ಧಡಕ್ಕನೆ ಎದ್ದು ಕೂತೆ.

ಇದನ್ನೆಲ್ಲ ನಾನು ಅಮ್ಮನ ಹುಚ್ಚು ಎಂದು ಬಗೆದು ಬಿಟ್ಟಿದ್ದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ಕಾರಣ ಹೇಳದೆ ನಡೆಸುವ ಯಾವ ಕಟ್ಟಳೆಯೂ ಸೇರುವುದಿಲ್ಲ. ಆ ಗುಣಕ್ಕೇ ಇರಬೇಕು, ವಿಜ್ಞಾನ ಓದಿದೆ. ಹೊಳಲ್ಕೆರೆಯ ಪಿಯು ಕಾಲೇಜಿನಲ್ಲಿ ಬಯಾಲಜಿ ಪಾಠ ಮಾಡಲು ಸೇರಿ ಇಪ್ಪತ್ತನಾಲ್ಕು ವರ್ಷವಾಯಿತು. ಅಪ್ಪ ತೀರಿಕೊಂಡ ಮೇಲೆ ಅಮ್ಮ ನನ್ನ ಜೊತೆಯೇ ಇದ್ದಾಳೆ.

ಎರಡನೇ ಪಿಯುಸಿಗೆ ಒಂದು ಪಾಠವಿದೆ. ಜೀವಕೋಶ ತನ್ನೊಳಗಿನ ಮಾಹಿತಿಯನ್ನು ಓದಿ ಪ್ರೋಟೀನು ಕಟ್ಟುವ ಪಾಠ. ಬೋರ್ಡಿನ ಮೇಲೆ ಬರೆದರೆ ಮಕ್ಕಳು ಆಕಳಿಸುತ್ತವೆ. ಅದಕ್ಕೇ ನಾನು ಅದನ್ನು ಆಡಿಸಿ ತೋರಿಸುತ್ತೇನೆ. ಲ್ಯಾಬಿನ ಗಾಜಿನ ಬೀರುವಿನೊಳಗೆ ಅಕ್ಷರ ಬರೆದ ಉದ್ದನೆಯ ಹಾಳೆ ಇಟ್ಟು ಬೀಗ ಹಾಕುತ್ತೇನೆ. ಅದು ಡಿಎನ್‌ಎ, ಹೊರಗೆ ಬರುವ ಹಾಗಿಲ್ಲ. ಒಬ್ಬಳು ಗಾಜಿನ ಮುಂದೆ ನಿಂತು ಅದರಲ್ಲಿ ಬೇಕಾದಷ್ಟನ್ನು ಕಾಗದದ ಪಟ್ಟಿಯ ಮೇಲೆ ನಕಲು ಮಾಡಿ ಲ್ಯಾಬಿನ ಬಾಗಿಲ ಸಂದಿಯಿಂದ ಹೊರಕ್ಕೆ ತಳ್ಳುತ್ತಾಳೆ. ಅದು ಆರ್‌ಎನ್‌ಎ. ಹೊರಗೆ ವರಾಂಡದಲ್ಲಿ ಇಬ್ಬರು ಎದುರುಬದುರು ಕೂತು ಆ ಪಟ್ಟಿಯನ್ನು ನಡುವೆ ಹಿಡಿದು ಮೂರು ಮೂರು ಅಕ್ಷರ ಸರಿಸುತ್ತಾ ಹೋಗುತ್ತಾರೆ. ಅವರು ರೈಬೋಸೋಮ್. ಮಿಕ್ಕವರ ಕೈಯಲ್ಲಿ ಬಣ್ಣಬಣ್ಣದ ಮಣಿಗಳು, ಅಂದರೆ ಅಮೈನೋ ಆಮ್ಲಗಳು. ಯಾವ ಮೂರು ಅಕ್ಷರ ಬಂದರೆ ಯಾವ ಮಣಿ ಎಂದು ಮೊದಲೇ ಗೊತ್ತು ಮಾಡಿರುತ್ತೇನೆ. ತನ್ನ ಮೂರಕ್ಷರ ಬಂದವಳು ಹೋಗಿ ಮಣಿ ಕೊಟ್ಟು ಬರಬೇಕು. ಮಣಿ ದಾರಕ್ಕೆ ಸೇರುತ್ತಾ ಹೋಗುತ್ತದೆ. ಆ ಸರವೇ ಪ್ರೋಟೀನು.

ನನ್ನದೊಂದೇ ನಿಯಮ: ಯಾರೂ ಮಾತಾಡಬಾರದು. ಅಮ್ಮನ ಮಗಳಲ್ಲವೇ. ಮೊದಲು ಐದು ನಿಮಿಷ ಕಿಸಿಕಿಸಿ ನಗು ಇರುತ್ತದೆ, ಆಮೇಲೆ ನಿಲ್ಲುತ್ತದೆ. ಕಾಗದ ಸರಿಯುವ ಸದ್ದು, ಚಪ್ಪಲಿ ಬಿಟ್ಟ ಪಾದಗಳ ಸದ್ದು, ಅಷ್ಟೇ. ಬೀರುವಿನ ಮುಂದೆ ನಿಂತವಳಿಗೆ ಹೊರಗೆ ಏನು ತಯಾರಾಗುತ್ತಿದೆ ಗೊತ್ತಿಲ್ಲ. ಪಟ್ಟಿ ಸರಿಸುವವರಿಗೆ ಅದು ಏನು ಕೆಲಸಕ್ಕೆ ಬರುತ್ತದೆ ಗೊತ್ತಿಲ್ಲ. ದಾರ ಮಾತ್ರ ಉದ್ದವಾಗುತ್ತಲೇ ಇರುತ್ತದೆ. ಒಂದು ವರ್ಷ ಗಂಟೆ ಹೊಡೆದರೂ ಮಕ್ಕಳು ನಿಲ್ಲಿಸಲಿಲ್ಲ. ಮಧ್ಯಾಹ್ನದ ಬಿಸಿಲಿನ ವರಾಂಡದಲ್ಲಿ ಅಷ್ಟು ಜನ ಬಾಯಿಬಿಡದೆ ಓಡಾಡುವುದನ್ನು ನೋಡುತ್ತ ನಿಂತ ನನಗೆ, ಇದೇ ಕೆಲಸ ಈ ಕ್ಷಣ ನನ್ನ ಚರ್ಮದ ಕೆಳಗೆ, ಯಾರೂ ಹೇಳದೆ, ಯಾರೂ ನೋಡದೆ ನಡೆದಿದೆ ಎಂದು ಮೊದಲ ಸಲ ನಿಜವಾಗಿ ಅನ್ನಿಸಿತು. ಇಷ್ಟು ವರ್ಷ ಪಾಠ ಮಾಡಿದ್ದೆ, ಅನ್ನಿಸಿರಲಿಲ್ಲ. ಕೈ ಕೆರೆದುಕೊಂಡು ಸ್ಟಾಫ್ ರೂಮಿಗೆ ಹೋದೆ.

ಅದೇ ವರ್ಷ ಬಿ.ದುರ್ಗದಿಂದ ಬರುತ್ತಿದ್ದ ಒಬ್ಬ ಹುಡುಗಿ ಕೇಳಿದಳು: "ಮೇಡಂ, ಮನುಷ್ಯ ಸತ್ತ ಮೇಲೂ ಈ ಓದು ನಡೀತಿರ್ತದಾ?"

ಕೆಲ ಹೊತ್ತು ನಡೆಯುತ್ತದೆ ಎಂದೆ. ಹೃದಯ ನಿಂತಿತು ಎಂಬ ಸುದ್ದಿ ಯಕೃತ್ತಿನ ಕೋಶಕ್ಕೆ ತಕ್ಷಣ ಮುಟ್ಟುವುದಿಲ್ಲ, ಅದು ತನ್ನ ಪಾಡಿಗೆ ಪಟ್ಟಿ ಸರಿಸುತ್ತಿರುತ್ತದೆ ಎಂದೆ. ಹೇಳಿದ ಮೇಲೆ ಯಾಕೋ ನನಗೆ ಹೇಳಬಾರದಿತ್ತು ಅನ್ನಿಸಿತು.

ಆ ಮಾತು ಮತ್ತೆ ನೆನಪಾದದ್ದು ಅಪ್ಪ ತೀರಿಕೊಂಡ ದಿನ. ಬೆಳಿಗ್ಗೆ ಕಾಫಿ ಲೋಟ ಹಿಡಿದಂತೆಯೇ ಅಪ್ಪ ಒರಗಿದರು. ಹಿರಿಯರು ಬಂದರು, ಕಾಲ ಹೆಬ್ಬೆರಳು ಎರಡನ್ನೂ ಸೇರಿಸಿ ಕಟ್ಟಲು ಬಟ್ಟೆ ಹರಿದರು. ಅಮ್ಮ ಅಡ್ಡ ಕೂತಳು. "ಈಗಲೇ ಕಟ್ಟಬ್ಯಾಡ್ರಿ" ಎಂದಳು. ಅಪ್ಪನ ಕಿರುಬೆರಳು ಹಿಡಿದುಕೊಂಡು, ಕಿವಿಗೆ ಬಾಯಿಟ್ಟು, "ಅಂಗಡಿ ಚಿಂತೆ ಬ್ಯಾಡ್ರಿ, ನಾನು ಅಳಲ್ಲ, ಕೇಳಿಸ್ತೈತಾ" ಎನ್ನುತ್ತ ಮಧ್ಯಾಹ್ನದ ತನಕ ಕೂತಳು. ಸುತ್ತ ಅಳುತ್ತಿದ್ದವರನ್ನೆಲ್ಲ ಹೊರಗೆ ಕಳಿಸಿದಳು. ಹೊಸದುರ್ಗದಿಂದ ಬಂದ ನೆಂಟರು ಅಂಗಳದಲ್ಲಿ ಮುಖ ಮುಖ ನೋಡಿಕೊಂಡರು. ನನಗೆ ದುಃಖಕ್ಕಿಂತ ಮುಜುಗರವೇ ಹೆಚ್ಚಾಗಿ, ಅವಳ ತೋಳು ಹಿಡಿದು ಎಬ್ಬಿಸಲು ಹೋದೆ. ಎಪ್ಪತ್ತು ದಾಟಿದ ಮುದುಕಿ, ನನ್ನ ಕೈಗೆ ಜಗ್ಗಲಿಲ್ಲ.

ಇನ್ನು ಹೇಳಬೇಕಾದದ್ದು ನನ್ನ ಮಗಳ ವಿಷಯ.

ಮೊನ್ನೆ ಬೇಸಿಗೆಯಲ್ಲಿ, ಬಿ.ಎಡ್. ರಜೆಗೆ ಮನೆಗೆ ಬಂದಿದ್ದಳು. ಇಪ್ಪತ್ಮೂರು ವರ್ಷ. ಎರಡು ದಿನದಿಂದ ಹೊಟ್ಟೆನೋವು ಎನ್ನುತ್ತಿದ್ದಳು, ನಾವು ಗ್ಯಾಸು ಎಂದೆವು. ಅಮ್ಮ ಓಂಕಾಳಿನ ನೀರು ಕುಡಿಸಿದಳು. ಮೂರನೆಯ ದಿನ ನೋವು ಕಡಿಮೆಯಾದಂತೆ ಕಂಡು, ಮಧ್ಯಾಹ್ನ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಹೊಟ್ಟೆ ತುಂಬ ತಿಂದಳು. ಮೂರು ಗಂಟೆಗೆ ಮಡಚಿಕೊಂಡು ಬಿದ್ದಳು. ಗಂಡ ಅಂಗಡಿಯ ಕೆಲಸಕ್ಕೆ ಹಿರಿಯೂರಿಗೆ ಹೋಗಿದ್ದರು. ನಾನೂ ಅಮ್ಮನೂ ಕಾರು ಮಾಡಿಕೊಂಡು ಅವಳನ್ನು ಚಿತ್ರದುರ್ಗದ ಒಂದು ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದೆವು. ಅಪೆಂಡಿಕ್ಸ್ ಒಡೆದಿದೆ, ಒಳಗೆ ಸೋರಿದೆ, ಈಗಲೇ ಆಪರೇಷನ್ ಆಗಬೇಕು ಎಂದರು.

ಅರಿವಳಿಕೆ ಕೊಡುವ ಡಾಕ್ಟರು ಮೂವತ್ತರ ಆಸುಪಾಸಿನ ಹೆಣ್ಣುಮಗಳು, ದುರ್ಗದ ಹಳೆಯ ಮುಸ್ಲಿಂ ಮನೆತನದವಳು. ತಲೆಗೆ ಸುತ್ತಿದ ಬಟ್ಟೆಯ ಮೇಲೆ ಹಸಿರು ಟೋಪಿ ಹಾಕಿಕೊಂಡೇ ಹೊರಗೆ ಬಂದು ಹಲಗೆಯ ಮೇಲಿನ ಫಾರಂ ನೋಡಿಕೊಂಡು ಒಂದೊಂದೇ ಪ್ರಶ್ನೆ ಕೇಳಿದಳು. ಸಕ್ಕರೆ ಕಾಯಿಲೆ ಇದೆಯೇ, ಉಬ್ಬಸ ಇದೆಯೇ. ಆಮೇಲೆ ಕೇಳಿದಳು: "ನಿಮ್ಮ ಮನೆತನದಲ್ಲಿ ಯಾರಿಗಾದ್ರೂ ಆಪರೇಷನ್ ಆದಾಗ ಎಚ್ಚರ ಆಗೋದು ತಡ ಆಗಿತ್ತಾ?"

"ಯಾರಿಗೂ ಇಲ್ಲ ಡಾಕ್ಟ್ರಮ್ಮ" ಎಂದಳು ಅಮ್ಮ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬಂದಿತ್ತು.

ನಾನು ಅವಳ ಮುಖ ನೋಡಿದೆ. ನನಗೆ ಒಂಬತ್ತು ವರ್ಷವಾಗಿದ್ದಾಗ ಇದೇ ಊರಿನ ಒಂದು ಸಣ್ಣ ಆಸ್ಪತ್ರೆಯಲ್ಲಿ ಅಮ್ಮನಿಗೆ ಗರ್ಭಕೋಶದ ಆಪರೇಷನ್ ಆಗಿತ್ತು. ಬೆಳಿಗ್ಗೆ ಒಳಗೆ ಹೋದವಳು ಸಂಜೆಯವರೆಗೂ ಎದ್ದಿರಲಿಲ್ಲ. ನಮ್ಮನ್ನೆಲ್ಲ ಒಳಗೆ ಕರೆದು, ಒಮ್ಮೆ ನೋಡಿಕೊಂಡುಬಿಡಿ ಎಂದಿದ್ದರು. ಅದನ್ನು ಮನೆಯಲ್ಲಿ ಆಮೇಲೆ ಯಾರೂ ಎತ್ತಲಿಲ್ಲ. ಎತ್ತಿದರೆ "ನಿಶ್ಶಕ್ತಿ ಇತ್ತು" ಎಂಬ ಒಂದೇ ಉತ್ತರ. ಅಮ್ಮನ ಅಣ್ಣ ಹೊಸದುರ್ಗದಲ್ಲಿ ಹರ್ನಿಯಾ ಆಪರೇಷನ್ನಿಗೆ ಮಲಗಿದವನು ಏಳಲೇ ಇಲ್ಲ. ಅದಕ್ಕೆ "ಎದೆ ನಿಂತಿತು" ಎಂಬ ಉತ್ತರ. ಆ ಅಣ್ಣನ ಮಗನೇ ನನ್ನ ಗಂಡ. ಎಂದೋ ತೆಲುಗು ಸೀಮೆಯಿಂದ ಬಂದು ನೆಲೆಸಿದ ವ್ಯಾಪಾರದ ಮನೆತನ ನಮ್ಮದು. ಈಗ ಮನೆಮಾತೂ ಕನ್ನಡವೇ, ಬೈಯುವುದಕ್ಕೆ ಮಾತ್ರ ತೆಲುಗು ಉಳಿದಿದೆ. ಹೆಣ್ಣು ಹೊರಗೆ ಹೋಗಬಾರದು ಎಂದು ಅತ್ತೆ ಮಾವನ ಮಕ್ಕಳಲ್ಲೇ ಕೊಟ್ಟು ತರುವುದು ನಮ್ಮ ರೂಢಿ.

"ಅಮ್ಮ, ನಿನಗೇ ಆಗಿತ್ತಲ್ಲ" ಎಂದೆ.

"ಅವಳಿಗಾಗ ಒಂಬತ್ತು ವರ್ಷ, ಅವಳಿಗೇನ್ ಗೊತ್ತು. ನಿಶ್ಶಕ್ತಿ ಆಗಿ ಮಲಗಿದ್ದೆ" ಎಂದು ಅಮ್ಮ ಡಾಕ್ಟರಿಗೆ ಹೇಳಿದಳು.

ಡಾಕ್ಟರು ಹಲಗೆ ಕೆಳಗಿಟ್ಟಳು. "ಅಜ್ಜಿ, ಕುಂತ್ಕಳ್ರಿ. ಸರಿಯಾಗಿ ಹೇಳ್ತೀನಿ ಕೇಳ್ರಿ" ಎಂದಳು. "ಗಂಟಲೊಳಗೆ ಕೊಳವೆ ಹಾಕ್ಬೇಕಂದ್ರೆ ಮೈಯೆಲ್ಲ ಒಂದೇ ನಿಮಿಷದಲ್ಲಿ ಸಡಿಲ ಆಗ್ಬೇಕು. ಅದಕ್ಕೊಂದು ಇಂಜೆಕ್ಷನ್ ಐತೆ. ಐದು ನಿಮಿಷದಲ್ಲಿ ಅದರ ಕೆಲ್ಸ ಮುಗೀತದೆ, ಯಾಕಂದ್ರೆ ನಮ್ಮ ರಕ್ತದಲ್ಲಿರೋ ಒಂದು ಪ್ರೋಟೀನು ಅದನ್ನ ಮುರಿದು ಹಾಕ್ತದೆ. ಕೆಲವು ಮನೆತನದಲ್ಲಿ ಆ ಪ್ರೋಟೀನೇ ಇರಲ್ಲ. ಅಂಥೋರಿಗೆ ಕೊಟ್ರೆ ಗಂಟೆಗಟ್ಟಲೆ ಕೈಕಾಲು ಆಡಲ್ಲ, ಉಸಿರಾಡೋಕೂ ಆಗಲ್ಲ, ನಾವೇ ಗಾಳಿ ಊದ್ತಿರ್ಬೇಕು. ನಿದ್ದೆ ಮದ್ದು ಮಾತ್ರ ಇಳಿದು ಹೋಗಿರ್ತದೆ. ಎಚ್ಚರ ಇರ್ತದೆ."

ಬೇರೆ ಮದ್ದು ಕೊಡಬಹುದಲ್ಲ ಎಂದೆ. ಅದು ನಿಧಾನಕ್ಕೆ ಹಿಡಿಯುತ್ತದೆ, ಹೊಟ್ಟೆ ತುಂಬಿರುವವಳಿಗೆ ಆ ನಿಧಾನವೇ ಕುತ್ತು ಎಂದಳು. ತಿಂದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಅದೂ ಜೀವಕ್ಕೆ ಅಪಾಯವೇ. "ಖಚಿತ ಗೊತ್ತಾದ್ರೆ ಇನ್ನೊಬ್ಬ ಡಾಕ್ಟರನ್ನ ಜೊತೆಗೆ ಕರೆಸ್ಕೊಂಡು, ಉಸಿರಾಟದ ಮಷೀನು ಸಿದ್ಧ ಮಾಡ್ಕೊಂಡು ಆ ದಾರಿ ಹಿಡೀತೀನಿ. ಬರೀ ಅನುಮಾನಕ್ಕೆ ಹೊತ್ತು ಕಳೆಯೋ ಹಾಗಿಲ್ಲ ಮೇಡಂ, ಒಳಗೆ ಸೋರ್ತಾ ಐತೆ. ಹತ್ತು ನಿಮಿಷ ಕೊಡ್ತೀನಿ" ಎಂದು ಒಳಗೆ ಹೋದಳು.

ನಾನು ಅಮ್ಮನನ್ನು ವರಾಂಡದ ಮೂಲೆಗೆ ಎಳೆದುಕೊಂಡು ಹೋದೆ. ನಾನು ಆಡಿದ ಮಾತು ಈಗ ಬರೆಯಲು ನಾಚಿಕೆಯಾಗುತ್ತದೆ. ಮನೆತನದ ಮರ್ಯಾದೆ ಹೋಗುತ್ತದೆಂದು ಸುಳ್ಳು ಹೇಳುತ್ತೀಯಾ ಎಂದೆ. ಮೊಮ್ಮಗಳಿಗೆ ನಾಳೆ ಗಂಡು ಸಿಗುವುದಿಲ್ಲ ಅಂತ ತಾನೇ ಎಂದೆ. ನಿನ್ನ ಅಣ್ಣನನ್ನು ಕೊಂದದ್ದೂ ಇದೇ ಇರಬೇಕು, ಆವತ್ತು ನೀನು ಬಾಯಿ ಬಿಟ್ಟಿದ್ದರೆ ಅವನು ಉಳಿಯುತ್ತಿದ್ದ ಎಂದೆ. ಆಪರೇಷನ್ ನಡೆದದ್ದು ಯಾರಿಗೆ ಮೊದಲು, ಯಾರಿಗೆ ಆಮೇಲೆ ಎಂದು ಕೂಡ ನನಗೆ ನೆಟ್ಟಗೆ ಗೊತ್ತಿರಲಿಲ್ಲ. ಅಮ್ಮ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

"ಮಾತಾಡು. ಅವಳೂ ಹಂಗೇ ಮಲಕ್ಕೊಂಡು ಎಲ್ಲ ಕೇಳಿಸಿಕೊಳ್ಳಲಿ ಅಂತಿದೀಯಾ?"

ಆ ಮಾತಿಗೆ ಅವಳು ತಲೆ ಎತ್ತಿದಳು. ನನ್ನನ್ನು ದಾಟಿ ಹೋಗಿ ಥಿಯೇಟರಿನ ಬಾಗಿಲನ್ನು ಅಂಗೈಯಿಂದ ಬಡಿದಳು. ಡಾಕ್ಟರು ಹೊರಗೆ ಬಂದಳು.

"ಎಚ್ಚರ ಇತ್ತು" ಎಂದಳು ಅಮ್ಮ. "ಬೆಳಗಿಂದ ಸಂಜೆ ತನಕ ಎಚ್ಚರ ಇತ್ತು ತಾಯಿ. ರೆಪ್ಪೆ ಎತ್ತಾಕೆ ಆಗ್ತಿರ್ಲಿಲ್ಲ. ಉಸಿರು ನಂದಲ್ಲ, ಯಾರೋ ಒಳಗೆ ಊದ್ತಿದ್ರು, ಬೇಕೋ ಬ್ಯಾಡ್ವೋ ಬರ್ತಿತ್ತು. ಊದೋನು ಕೈ ನೋಯ್ತೈತೆ ಅಂತ ಕೈ ಬದಲಾಯಿಸ್ದಾಗ ಅಷ್ಟೊತ್ತು ಉಸಿರೇ ಇರ್ತಿರ್ಲಿಲ್ಲ. ತುಟಿ ಮೇಲೆ ನೊಣ ಕುಂತಿತ್ತು. ಕಿರುಬೆರಳು ಅಲ್ಲಾಡ್ಸಿದ್ರೆ ಸಾಕು, ಬದುಕಿದೀನಿ ಅಂತ ಗೊತ್ತಾಗ್ತೈತೆ ಅಂತ ಇದ್ದಬದ್ದ ಶಕ್ತಿ ಎಲ್ಲ ಅದಕ್ಕೆ ಹಾಕ್ತಿದ್ದೆ. ಕೊನೆಗೆ ಮೊದ್ಲು ಬಂದಿದ್ದು ಅದೇ."

ಡಾಕ್ಟರು ಅಮ್ಮನ ಎರಡೂ ಕೈ ಹಿಡಿದುಕೊಂಡಳು. "ಸಾಕಜ್ಜಿ, ಇಷ್ಟೇ ಬೇಕಾಗಿತ್ತು" ಎಂದು ಹೇಳಿ ಒಳಗೆ ಹೋಗಿ ಯಾರಿಗೋ ಫೋನು ಮಾಡಿದಳು. ಕಾಲು ಗಂಟೆಯಲ್ಲಿ ಇನ್ನೊಬ್ಬ ಡಾಕ್ಟರು ಸ್ಕೂಟರಿನಲ್ಲಿ ಬಂದರು. ಬಾಗಿಲು ಮುಚ್ಚಿತು, ಮೇಲೆ ಕೆಂಪು ದೀಪ ಹತ್ತಿತು.

ಕೆಲವು ವಾರಗಳಾದ ಮೇಲೆ ನಮ್ಮ ರಕ್ತ ಬೆಂಗಳೂರಿಗೆ ಹೋಗಿ ಪರೀಕ್ಷೆಯಾಗಿ ಬಂತು. ಅಮ್ಮನಲ್ಲಿ ಆ ಪ್ರೋಟೀನು ಇಲ್ಲವೆನ್ನುವಷ್ಟು ಕಡಿಮೆ. ನನ್ನಲ್ಲಿ ಅರ್ಧ, ಗಂಡನಲ್ಲಿ ಅರ್ಧ. ಮಗಳಲ್ಲಿ ಮತ್ತೆ ಇಲ್ಲ. ಅದು ತಯಾರಾಗುವ ಯಕೃತ್ತಿನ ಕೋಶದಲ್ಲಿ ಎಲ್ಲ ಕೆಲಸ ಕ್ರಮವಾಗಿಯೇ ನಡೆಯುತ್ತದಂತೆ. ನಕಲು ಸರಿಯಾಗಿಯೇ ಇಳಿಯುತ್ತದೆ, ಪಟ್ಟಿ ಹೊರಗೆ ಬರುತ್ತದೆ, ಮೂರು ಮೂರು ಅಕ್ಷರ ಸರಿಯುತ್ತದೆ. ನಮ್ಮಂಥ ಮನೆತನಗಳಲ್ಲಿ ಸಾಮಾನ್ಯವಾಗಿ ಕಾಣುವುದು ಒಂದು ಜಾಗದಲ್ಲಿ ಒಂದೇ ಅಕ್ಷರದ ವ್ಯತ್ಯಾಸ. ಅದರಿಂದ ಲ್ಯೂಸೀನ್ ಎಂಬ ಮಣಿ ಬರಬೇಕಾದ ಕಡೆ ಪ್ರೋಲೀನ್ ಬಂದು ಕೂರುತ್ತದೆ. ಪ್ರೋಲೀನು ದಾರವನ್ನು ಸೊಟ್ಟ ಮಾಡುವ ಮಣಿ. ಸೊಟ್ಟಗಾದ ಸರ ಸರಿಯಾಗಿ ಮಡಚಿಕೊಳ್ಳುವುದಿಲ್ಲ, ಮಡಚದ್ದನ್ನು ಕೋಶ ಹೊರಗೆ ಬಿಡದೆ ಒಳಗೇ ಪುಡಿ ಮಾಡುತ್ತದೆ. ಮತ್ತೆ ಮೊದಲಿಂದ ಶುರು. ಎಪ್ಪತ್ತೊಂಬತ್ತು ವರ್ಷದಿಂದ ಅಮ್ಮನೊಳಗೆ ಕಟ್ಟುವುದು, ಪುಡಿ ಮಾಡುವುದು, ಕಟ್ಟುವುದು, ಹೀಗೇ ನಡೆದಿದೆ. ಅದರಿಂದ ಅವಳಿಗೆ ಒಂದು ನೆಗಡಿಯೂ ಬಂದಿಲ್ಲ.

ನನ್ನನ್ನು ಕಾಡುವುದು ಅದೇ. ಆ ಇಂಜೆಕ್ಷನ್ ಹುಟ್ಟುವ ಎಷ್ಟೋ ತಲೆಮಾರು ಮೊದಲೇ ಈ ಕೊರತೆ ನಮ್ಮೊಳಗೆ ಬಂದು ಕೂತಿತ್ತು. ಎತ್ತಿನ ಗಾಡಿಯಲ್ಲಿ ಬಂದ ಯಾವುದೋ ಮುತ್ತಜ್ಜಿ ಇದನ್ನು ಹೊತ್ತುಕೊಂಡೇ ಬಂದಿರಬೇಕು, ಉಂಡು ತಿಂದು ಹೆತ್ತು ಸತ್ತಿರಬೇಕು. ನಾವು ಒಳಗೊಳಗೇ ಕೊಟ್ಟು ತಂದು ಅದನ್ನು ಜೋಪಾನ ಮಾಡಿದೆವು. ಒಂದಕ್ಷರ ಬದಲಾದರೆ ಏನಾಗುತ್ತದೆ ಎಂಬುದಕ್ಕೆ ಇಪ್ಪತ್ತನಾಲ್ಕು ವರ್ಷ ನಾನು ಕ್ಲಾಸಿನಲ್ಲಿ ಸಿಕಲ್ ಸೆಲ್ ಎಂಬ ಕಾಯಿಲೆಯ ಉದಾಹರಣೆ ಕೊಟ್ಟೆ, ಎಲ್ಲೋ ದೂರದವರಿಗೆ ಬರುವಂಥದ್ದು ಎನ್ನುವ ಧಾಟಿಯಲ್ಲಿ. ಆ ನೋಟ್ಸು ಬರೆಯುವಾಗ ಅಮ್ಮ ಎದುರಿಗೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಈಗ ಅವಳನ್ನು ನೋಡಿದರೆ ಒಮ್ಮೊಮ್ಮೆ ಕಣ್ಣು ಅವಳ ಬಲ ಪಕ್ಕೆಯ ಮೇಲೆ, ಯಕೃತ್ತು ಇರುವ ಕಡೆ, ನಿಲ್ಲುತ್ತದೆ.

ಆದರೆ ಇದೆಲ್ಲ ಆಮೇಲಿನ ತಿಳಿವಳಿಕೆ. ಆ ಸಂಜೆ, ಕೆಂಪು ದೀಪದ ಕೆಳಗೆ, ನಾವಿಬ್ಬರೂ ಬೆಂಚಿನ ಮೇಲೆ ಕೂತಿದ್ದೆವು. ಒಳಗಿಂದ ಮಷೀನಿನ ಟಿಕ್ ಟಿಕ್ ಬಿಟ್ಟರೆ ಸದ್ದಿಲ್ಲ. ಬೇರೆ ಮದ್ದನ್ನೇ ಕೊಟ್ಟಿದ್ದಾರೆ ಎಂದು ಗೊತ್ತಿದ್ದರೂ, ಮಗಳು ಕಣ್ಣು ಬಿಡುವವರೆಗೆ ನಾನು ಅದನ್ನು ನಂಬುವಂತಿರಲಿಲ್ಲ. ಸುಮ್ಮನೆ ಕೂರಲಾಗಲಿಲ್ಲ.

"ಇದನ್ನ ಹೇಳೋಕೆ ಇಷ್ಟು ವರ್ಷ ಬೇಕಾಯಿತೇನಮ್ಮ" ಎಂದೆ. ದನಿಯಲ್ಲಿ ಇನ್ನೂ ಸಿಟ್ಟಿತ್ತು. "ಎಚ್ಚರ ಇತ್ತು ಅಂದಿದ್ರೆ ಯಾರು ನಿನ್ನ ಜಾತಿಯಿಂದ ಹೊರಗೆ ಹಾಕ್ತಿದ್ರು?"

"ಎಚ್ಚರ ಇತ್ತು ಅಂದ್ರೆ ಎಲ್ಲ ಕೇಳಿಸ್ಕಂಡೆ ಅಂತ ಅಲ್ವೇನೇ" ಎಂದಳು.

ಏನು ಕೇಳಿಸಿಕೊಂಡೆ ಎಂದೆ. ಅಮ್ಮ, ತನಗಲ್ಲ ಬೇರೆ ಯಾರಿಗೋ ಆದದ್ದನ್ನು ಹೇಳುವವಳಂತೆ ಹೇಳಿದಳು. ನಮ್ಮನ್ನೆಲ್ಲ ಒಳಗೆ ಕರೆದಾಗ ಅಪ್ಪ ಗೋಡೆಗೆ ಒರಗಿ ನಿಂತಿದ್ದರಂತೆ, ಅವರ ಬಿಕ್ಕು ಕೇಳಿಸಿತಂತೆ. ಅಜ್ಜಿ, ಅಂದರೆ ಅಪ್ಪನ ತಾಯಿ, ಮಂಚದ ಪಕ್ಕದಲ್ಲೇ ನಿಂತು, ಇನ್ನು ಇವಳು ಏಳುವ ಹಾಗೆ ಕಾಣೆ, ಮಕ್ಕಳು ಸಣ್ಣವು, ಇವಳ ತಂಗಿಯನ್ನೇ ಮನೆಗೆ ತುಂಬಿಸಿಕೊಂಡರಾಯಿತು ಎಂದಳಂತೆ. ಅಮ್ಮನ ತಂಗಿ, ನನ್ನ ಚಿಕ್ಕಮ್ಮ, ಅಲ್ಲೇ ಇದ್ದಳು. ಏನೂ ಅನ್ನಲಿಲ್ಲವಂತೆ.

ನನ್ನ ಸಿಟ್ಟಿಗೆ ಹೊಸ ದಾರಿ ಸಿಕ್ಕಿತು. "ಅದಕ್ಕಾ? ಅಜ್ಜಿ ಸತ್ತು ಮೂವತ್ತು ವರ್ಷ ಆಯ್ತು. ಆ ಮುದುಕಿಯ ಮರ್ಯಾದೆ ಕಾಯೋಕೆ ಇವತ್ತು ನನ್ನ ಮಗಳನ್ನ ಬಲಿ ಕೊಡೋಕೆ ಹೊರಟಿದ್ದೆಯಾ?"

"ನಿಮ್ಮಜ್ಜಿದಲ್ಲ" ಎಂದಳು ಅಮ್ಮ. "ಅತ್ತೆ ಅಂದಿದ್ದು ನನಗೆ ಆವತ್ತೇ ಮರ್ತು ಹೋತು. ಮಕ್ಕಳಿಗೋಸ್ಕರ ಅಂದ್ರು, ತಪ್ಪೇನೈತೆ. ಅವರು ನಿನ್ನ ಕೇಳಿದ್ರು, ಚಿಕ್ಕಮ್ಮ ನಿಮ್ಮನೆಗೇ ಬಂದು ಇದ್ರೆ ಆಗಬೋದಾ ಪುಟ್ಟಿ ಅಂತ."

ಅಷ್ಟು ಹೇಳಿ ನಿಲ್ಲಿಸಿದಳು. ಮುಂದಿನದನ್ನು ಅವಳು ಹೇಳಬೇಕಾಗಿರಲಿಲ್ಲ. ಆ ಕೋಣೆ ನನ್ನ ಕಣ್ಣಿಗೆ ಬಂತು. ಹಸಿರು ಬಣ್ಣದ ಗೋಡೆ, ರಬ್ಬರ್ ಚೀಲವನ್ನು ಹಿಸುಕುತ್ತ ಕೂತ ಕಾಂಪೌಂಡರು, ಮಂಚದ ಮೇಲೆ ಬಾಯಿಗೆ ಕೊಳವೆ ಇಟ್ಟು ಮಲಗಿಸಿದ್ದ ಅಮ್ಮ. ಚಿಕ್ಕಮ್ಮ ನನ್ನ ತಲೆ ಬಾಚುತ್ತಿದ್ದಳು, ಬಳೆ ತರುತ್ತಿದ್ದಳು, ಒಂದು ದಿನವೂ ಗದರಿರಲಿಲ್ಲ.

"ನೀನು ಇವತ್ತೇ ಬರ್ತಾಳಾ ಅಂದೆ" ಎಂದಳು ಅಮ್ಮ. "ಅಮ್ಮ ಹೊಡೀತಾಳೆ, ಚಿಕ್ಕಮ್ಮ ಹೊಡೆಯಲ್ಲ ಅಂದೆ. ಒಂಬತ್ತು ವರ್ಷದ ಕೂಸು, ಏನ್ ಗೊತ್ತಾಗ್ತೈತೆ ಅದಕ್ಕೆ. ನಾನು ಎಚ್ಚರ ಇದ್ದೆ ಅಂತ ನಿನಗೆ ಗೊತ್ತಾದ್ರೆ ನೀನು ಜೀವಮಾನ ಎಲ್ಲ ಅದನ್ನೇ ನೆನಸ್ಕೊಂಡು ಕೊರಗ್ತೀಯ ಅಂತ ಸುಮ್ಕಾದೆ. ಆಮೇಲೆ ಸುಮ್ಕಿದ್ದೇ ಅಭ್ಯಾಸ ಆತು. ಇವತ್ತೂ ಡಾಕ್ಟ್ರಮ್ಮ ಕೇಳ್ದಾಗ ಬಾಯಿ ತಾನೇ ಇಲ್ಲ ಅಂತು."

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಅಮ್ಮ ನನ್ನ ಮೇಲೆ ಒಂದು ದಿನವೂ ಕೈ ಎತ್ತಲಿಲ್ಲ. ನಾನು ದೊಡ್ಡವಳಾದೆ, ಅದಕ್ಕೇ ಎಂದುಕೊಂಡಿದ್ದೆ.

ಆಡಿದ ಆ ಮಾತನ್ನು ನಾನು ಮರೆತಿರಲಿಲ್ಲ. ಅಮ್ಮ ಬದುಕಿ ಮನೆಗೆ ಬಂದ ದಿನದಿಂದ ಅದು ನನ್ನೊಳಗೆ ಮುಳ್ಳಿನಂತೆ ಇತ್ತು. ಸದ್ಯ, ಅವಳಿಗೆ ಕೇಳಿಸಿರಲಿಲ್ಲ ಎಂಬ ಒಂದೇ ಸಮಾಧಾನದ ಮೇಲೆ ನಾನು ಅಷ್ಟು ವರ್ಷ ಅವಳ ಮುಖ ನೋಡಿದ್ದೆ, ಅವಳ ಮೇಲೆ ರೇಗಿದ್ದೆ, ಎರಡು ಗಂಟೆಯ ಹಿಂದೆ ಅವಳನ್ನು ಕೊಲೆಗಾತಿ ಎನ್ನುವಂತೆ ಬೈದಿದ್ದೆ.

ಕೆಂಪು ದೀಪ ಆರಿತು. ಡಾಕ್ಟರು ಬಾಗಿಲು ತೆರೆದು, "ಕಣ್ಣು ಬಿಟ್ಟಿದಾಳೆ, ಅಜ್ಜಿ ಎಲ್ಲಿ ಅಂತಿದಾಳೆ, ಬರ್ರಿ" ಎಂದಳು. ಅಮ್ಮ ಮೊಣಕಾಲು ಹಿಡಿದುಕೊಂಡು ಎದ್ದಳು. ಎರಡು ಹೆಜ್ಜೆ ಹೋದವಳು ತಿರುಗಿ ನಿಂತು ಕೇಳಿದಳು:

"ನಿನಗೆ ಅದೆಲ್ಲ ನೆನಪಿಲ್ಲ ಅಲ್ವೇನೇ?"

"ಇಲ್ಲಮ್ಮ" ಎಂದೆ.

"ಒಳ್ಳೇದಾತು ಬಿಡು" ಎಂದು ಅವಳು ಒಳಗೆ ಹೋದಳು.